ಬ್ರೆಡ್ಡೋ ಬೆಣ್ಣೆಯೋ

ಬೇಕರಿಯ ಒಲೆ ನೋಡಿಕೊಳ್ಳುವ ಬ್ರೆಡ್ಡಣ್ಣನಿಗೆ ಹೆಂಡತಿ ಹೋದ ಮೇಲೆ ಒಂದೇ ಒಂದು ಪ್ರಶ್ನೆ ಅಂಟಿಕೊಂಡಿತು. ಅವಳನ್ನು ಕೊಂದದ್ದು ಬ್ರೆಡ್ಡೋ, ಬೆಣ್ಣೆಯೋ? ಹಾಲಿನವನು ಸಿಕ್ಕರೂ ಅದನ್ನೇ ಕೇಳುತ್ತಿದ್ದ, ಬಸ್ಸಿನಲ್ಲಿ ಪಕ್ಕದ ಸೀಟಿನವನು ಸಿಕ್ಕರೂ ಅದನ್ನೇ ಕೇಳುತ್ತಿದ್ದ. "ಬ್ರೆಡ್ಡೋ ಬೆಣ್ಣೆಯೋ, ನೀವೇ ಹೇಳಿ ನೋಡೋಣ." ಹಿಂದುಮುಂದು ಗೊತ್ತಿಲ್ಲದ ಗಿರಾಕಿಗಳು "ಎರಡೂ ಕೊಟ್ಬಿಡಿ" ಅನ್ನುತ್ತಿದ್ದರು. ಗೊತ್ತಿದ್ದವರು ಮುಖ ಕೆಳಗೆ ಹಾಕಿ ಚೀಲದ ಬಾಯಿ ಕಟ್ಟುವುದರಲ್ಲಿ ಮುಳುಗಿಹೋಗುತ್ತಿದ್ದರು.

ಅವನಿಗೆ ತಲೆ ಕೆಟ್ಟಿತ್ತು ಅಂದುಕೊಳ್ಳಬೇಡಿ. ಕೆಟ್ಟಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನ ಮನೆಯಲ್ಲಿ ವರ್ಷಗಟ್ಟಲೆ ಬೆಣ್ಣೆ ಬಂದ್ ಆಗಿತ್ತು, ಬ್ರೆಡ್ಡು ಮಾತ್ರ ದಿನಾ ಬರುತ್ತಿತ್ತು. ತರುತ್ತಿದ್ದವನು ಅವನೇ, ನಿಲ್ಲಿಸಿದವನೂ ಅವನೇ. ಬೆಣ್ಣೆ ಕೆಟ್ಟದ್ದು ಅನ್ನುವುದು ನಿಜವಾದರೆ ಅವನು ಹೆಂಡತಿಯನ್ನು ಅಷ್ಟು ವರ್ಷ ಉಳಿಸಿಕೊಂಡ ಗಂಡ. ಬ್ರೆಡ್ಡೇ ಕೆಟ್ಟದ್ದು ಅನ್ನುವುದು ನಿಜವಾದರೆ ದಿನಾ ಬೆಳಿಗ್ಗೆ ಬಿಸಿಬಿಸಿ ವಿಷ ತಂದುಕೊಟ್ಟ ಗಂಡ. ನಡುವೆ ನಿಲ್ಲಲು ಅವನಿಗೆ ಜಾಗವೇ ಕಾಣಲಿಲ್ಲ.

ಅವನು ಮೊದಲಿನಿಂದಲೂ ಮಾತು ಕಮ್ಮಿಯ ಮನುಷ್ಯ. ಒಲೆಯ ಮುಂದೆ ನಿಂತವನಿಗೆ ಮಾತಿನ ಹಂಗೇನು? ಹಿಟ್ಟು ನಾದಬೇಕು, ಉಬ್ಬಲು ಬಿಡಬೇಕು, ಅಚ್ಚಿಗೆ ಹಾಕಿ ಒಲೆಗೆ ತಳ್ಳಬೇಕು, ತೆಗೆದ ಮೇಲೆ ಒಂದೊಂದರ ತಳವನ್ನೂ ಬೆರಳಿನಿಂದ ತಟ್ಟಿ ಸದ್ದು ಕೇಳಬೇಕು. ಸದ್ದು ಟೊಳ್ಳಾಗಿ ಬಂದರೆ ಬೆಂದಿದೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಏನಾದರೂ ಕೇಳಿದರೆ ಹೂಂ, ಉಹೂಂ, ಅಷ್ಟೇ. "ಇವ್ರನ್ನೂ ಒಂದ್ಸಲ ತಟ್ಟಿ ನೋಡ್ಬೇಕು, ಒಳಗೆ ಬೆಂದಿದ್ಯೋ ಇಲ್ವೋ ಗೊತ್ತಾಗಲ್ಲ" ಎಂದು ಅವಳು ಅಕ್ಕಪಕ್ಕದವರ ಮುಂದೆ ನಗುತ್ತಿದ್ದಳು.

ಅವಳು ಮನೆಯಲ್ಲೇ ಇಸ್ತ್ರಿ ಕೆಲಸ ಮಾಡುತ್ತಿದ್ದಳು. ಬೀದಿ ಕಡೆಯ ಕಿಟಕಿಗೆ ಹೊಂದಿಸಿ ಹಾಕಿದ ಉದ್ದನೆಯ ಮೇಜು, ಅದರ ಮೇಲೆ ಮಡಿಸಿದ ಕಂಬಳಿ, ಕಂಬಳಿಯ ಮೇಲೆ ಹಳೇ ಬಿಳಿ ಬಟ್ಟೆ. ಆಫೀಸಿಗೆ ಹೋಗುವವರ ಅಂಗಿಗಳು ಬೆಳಿಗ್ಗೆಯೇ ರಾಶಿ ಬೀಳುತ್ತಿದ್ದವು. ಕಾಲರಿನಿಂದ ಶುರು, ಆಮೇಲೆ ತೋಳು, ಕೊನೆಗೆ ಬೆನ್ನು. ಅವನು ಬೇಕರಿ ಕೆಲಸ ಮುಗಿಸಿ ಮನೆಗೆ ಬರುವ ಹೊತ್ತಿಗೆ ಅವಳದು ಅರ್ಧ ರಾಶಿ ಮುಗಿದಿರುತ್ತಿತ್ತು. ಆಗ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು, ಅಡಿಗೆಮನೆಯ ಹೊಸ್ತಿಲ ಮೇಲೆ ಕಾಲು ಚಾಚಿ ಕೂರುತ್ತಿದ್ದಳು.

ಅವನು ತರುತ್ತಿದ್ದದ್ದು ಬ್ರೆಡ್ಡಿನ ತುದಿ. ಹೋಳು ಮಾಡುವಾಗ ಎರಡೂ ಕಡೆಯ ತುದಿ ಉಳಿದುಬಿಡುತ್ತದೆ, ಅದನ್ನು ಯಾರೂ ಕೊಳ್ಳುವುದಿಲ್ಲ. ಅವಳಿಗೆ ಅದೇ ಪ್ರಾಣ. ಇನ್ನೂ ಬಿಸಿಯಿರುವ ತುದಿಯ ಮೇಲೆ ಬೆಣ್ಣೆ ಇಟ್ಟು, ಚಾಕುವಿನ ಬೆನ್ನಿನಿಂದ ಮೆಲ್ಲಗೆ, ಅಂಚಿನವರೆಗೂ, ಮೂಲೆಯವರೆಗೂ ಹಚ್ಚುತ್ತಿದ್ದಳು. "ಮಧ್ಯಕ್ಕೆ ಮಾತ್ರ ಹಚ್ಚೋರು ನೆಂಟ್ರನ್ನ ಬಾಗಿಲಲ್ಲೇ ಮಾತಾಡ್ಸಿ ಕಳ್ಸೋ ಜನ ಕಣ್ರೀ, ಅಂಥೋರ ಮನೆಗೆ ಹೋಗ್ಬಾರ್ದು" ಅನ್ನುತ್ತಿದ್ದಳು. ಒಂದು ಚೂರು ಅವನ ಬಾಯಿಗೂ ತುರುಕುತ್ತಿದ್ದಳು. ಅಷ್ಟು ಹೊತ್ತು ಆ ಮನೆಯಲ್ಲಿ ಎಲ್ಲವೂ ಚೆನ್ನಾಗಿರುತ್ತಿತ್ತು.

ಒಂದು ದಿನ ಯಾರದೋ ಬಿಳಿ ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆ ಬಿಟ್ಟು ಎದೆ ಹಿಡಿದುಕೊಂಡು ಕೂತುಬಿಟ್ಟಳು. ಅಂಗಿ ಸುಟ್ಟ ವಾಸನೆಗೆ ಪಕ್ಕದ ಮನೆಯವರು ಓಡಿಬಂದರು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಲ್ಲವನ್ನೂ ನೋಡಿ, "ಕೊಬ್ಬು ಪೂರ್ತಿ ಕಮ್ಮಿ ಮಾಡ್ಬೇಕಮ್ಮ, ಬೆಣ್ಣೆ, ಜಿಡ್ಡು ಮುಟ್ಲೇಬಾರ್ದು" ಅಂದರು. ಮಲಗಿದ್ದಲ್ಲೇ ಇವಳು, "ನಮ್ಮನೇಲಿ ಕೊಬ್ಬು ಇರೋದು ನನ್ನ ತಮ್ಮನಿಗೊಬ್ಬನಿಗೇ ಡಾಕ್ಟ್ರೇ, ಅವನನ್ನೇ ಮೊದ್ಲು ಕಮ್ಮಿ ಮಾಡಿ" ಅಂದಳು. ಡಾಕ್ಟರಮ್ಮನಿಗೂ ನಗು ತಡೆಯಲಾಗಲಿಲ್ಲ. ಬ್ರೆಡ್ಡಣ್ಣ ನಗಲಿಲ್ಲ. ಅವನ ಜೀವ ಬಾಯಿಗೆ ಬಂದಿತ್ತು.

ಅವತ್ತಿನಿಂದ ಪಥ್ಯ ಶುರು. ಮಗಳು ಅದೇ ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಚೀಟಿ ಕೊಡುವ ಕೆಲಸದಲ್ಲಿದ್ದಳು. ಡಾಕ್ಟರು ಹೇಳಿದ್ದು ಅವಳಿಗೆ ವೇದವಾಕ್ಯ. ಅಡಿಗೆಮನೆಗೆ ನುಗ್ಗಿ ಬೆಣ್ಣೆ ಡಬ್ಬಿಯನ್ನು ಬಿಸಿನೀರು ಹಾಕಿ ತೊಳೆದು ಬೋರಲು ಹಾಕಿದಳು. ಅಪ್ಪ ಮಗಳು ಇಬ್ಬರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಆ ಮನೆಯಲ್ಲಿ ಉಳಿದಿದ್ದ ಎಣ್ಣೆ ಅದೊಂದೇ. ಖಾಲಿ ಡಬ್ಬಿಯನ್ನು ಹೆಂಡತಿ ಇಸ್ತ್ರಿ ಮೇಜಿಗೆ ಒಯ್ದು, ಅಂಗಿಗಳಿಂದ ಉದುರಿದ ಗುಂಡಿಗಳನ್ನು ಹಾಕಿಡಲು ಇಟ್ಟುಕೊಂಡಳು.

ಮರುದಿನ ಬೆಳಿಗ್ಗೆ ಅವನು ತುದಿ ತಂದು ಕೈಗಿಟ್ಟ. ಒಣ ಬ್ರೆಡ್ಡು. ಅವಳು ಹೊಸ್ತಿಲ ಮೇಲೆ ಕೂತು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅವನಿಗೆ ಕಣ್ಣು ಎತ್ತಿ ನೋಡಲು ಆಗಲಿಲ್ಲ. ಅಷ್ಟರಲ್ಲಿ ಅವಳೇ ಅಂದಳು:

"ರೀ, ಬ್ರೆಡ್ಡಿಗೆ ಹಚ್ಚಲ್ಲ ಅಂದ್ರೆ ಬೇಡ. ನನಗಾದ್ರೂ ಸ್ವಲ್ಪ ಬೆಣ್ಣೆ ಹಚ್ಚಿ."

"ಅಂದ್ರೆ?"

"ಅಂದ್ರೆ ಏನು ಅಂದ್ರೆ! ಊರೋರೆಲ್ಲ ಹೆಂಡ್ತಿಗೆ ಹಚ್ಚೋ ಬೆಣ್ಣೆ. ಎರಡು ಒಳ್ಳೇ ಮಾತು ಆಡಿ. ಅದ್ರಲ್ಲಿ ಕೊಬ್ಬಿಲ್ಲ, ಡಾಕ್ಟ್ರೂ ಬೇಡ ಅನ್ನಲ್ಲ."

ಅವನಿಗೆ ಬೆವರು ಕಿತ್ತುಕೊಂಡಿತು. ನಿಂತು ನಿಂತು ಕೊನೆಗೆ, "ನಿನ್ನ ಕೂದಲು... ಪರವಾಗಿಲ್ಲ" ಅಂದ. ಅವಳು ನಕ್ಕು ನಕ್ಕು ಒಣ ಬ್ರೆಡ್ಡು ಗಂಟಲಿಗೆ ಸಿಕ್ಕಿಸಿಕೊಂಡಳು. "ಅಬ್ಬಬ್ಬ, ಬೆಣ್ಣೆ ತುಂಬಾ ಆಯ್ತು, ನಾಳೆ ಇಷ್ಟೊಂದು ಬೇಡ" ಅಂದಳು.

ಅಲ್ಲಿಂದ ಅದು ರೂಢಿಯಾಯಿತು. ಬೆಳಗಾಗುವ ಮೊದಲು ಹಿಟ್ಟು ನಾದುತ್ತಾ ನಾದುತ್ತಾ ಅವನು ಅವತ್ತಿನ ಮಾತನ್ನು ಹುಡುಕುತ್ತಿದ್ದ. ಜೊತೆಯ ಕೆಲಸದವರು ಏನೋ ಲೆಕ್ಕ ಹಾಕುತ್ತಿದ್ದಾನೆ ಅಂದುಕೊಂಡಿದ್ದರು. ಬಾಯಿಪಾಠ ಮಾಡಿಕೊಂಡು ಮನೆಗೆ ಬರುತ್ತಿದ್ದ. ಅವಳು ಹೊಸ್ತಿಲ ಮೇಲೆ ಕೂತು, "ಹೂಂ, ಬೆಣ್ಣೆ ಹಚ್ಚಿ" ಅನ್ನುತ್ತಿದ್ದಳು. ಅವನು ಹೇಳುತ್ತಿದ್ದ. ನಿನ್ನ ನಗು ಬೀದಿಯ ಆ ತುದಿಗೆ ಕೇಳಿಸುತ್ತೆ, ನನಗೆ ಮನೆ ದಾರಿ ತಪ್ಪಲ್ಲ. ನಿನ್ನ ಕೈ ಒರಟಾಗಿದೆ, ಆದ್ರೆ ಹಣೆ ಮೇಲೆ ಇಟ್ರೆ ಜ್ವರ ಇಳಿಯುತ್ತೆ. ಮದುವೆಯಾಗಿ ಅಷ್ಟು ವರ್ಷ ಹೂಂ ಉಹೂಂನಲ್ಲೇ ಕಳೆದಿದ್ದ ಮನುಷ್ಯ ಹೀಗೆ ಮಾತು ಕಲಿತ. ಬೆಣ್ಣೆ ನಿಂತ ಮೇಲೆಯೇ ಆ ಗಂಡಹೆಂಡತಿ ಮಾತಾಡಲು ಶುರುಮಾಡಿದ್ದು ಅಂದರೆ ನಂಬಿ.

ಹಾಗೆಯೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಕೆಲವು ವರ್ಷದ ಮೇಲೆ ಅವಳ ರಕ್ತದಲ್ಲಿ ಸಕ್ಕರೆ ಏರಿತು. ಕಾಲು ಊದಿಕೊಂಡವು, ಮೇಜಿನ ಮುಂದೆ ನಿಲ್ಲಲಾಗದೆ ಸ್ಟೂಲು ಹಾಕಿಕೊಂಡಳು. ಆಗ ರಂಗಕ್ಕೆ ಇಳಿದವನು ಅವಳ ತಮ್ಮ. ಕ್ಷೌರದ ಅಂಗಡಿಯವನು, ಮಗಳು ಚಿಕ್ಕವಳಿದ್ದಾಗಿನಿಂದ ಕರೆಯುತ್ತಿದ್ದದ್ದು ಕತ್ತರಿ ಮಾವ ಅಂತ. ಅವನ ಬಾಯಿ ಅವನ ಕತ್ತರಿಗಿಂತ ಜೋರು. ಅವನಿಗೂ ಸಕ್ಕರೆ ಇತ್ತು. ಯಾವನೋ ಗಿರಾಕಿಯ ಮಾತು ಕೇಳಿ ಬ್ರೆಡ್ಡು, ಅನ್ನ, ಆಲೂಗಡ್ಡೆ ಎಲ್ಲ ಬಿಟ್ಟು ಮೊಟ್ಟೆ, ಬೆಣ್ಣೆ, ಸೊಪ್ಪು ತಿಂದು ಹೊಟ್ಟೆ ಕರಗಿಸಿಕೊಂಡಿದ್ದ. ಸಡಿಲವಾದ ಪ್ಯಾಂಟನ್ನು ಎಳೆದೆಳೆದು ತೋರಿಸುವುದೇ ಅವನಿಗೆ ಕೆಲಸವಾಗಿತ್ತು.

"ಭಾವ, ತಪ್ಪು ತಿಳ್ಕೋಬೇಡಿ. ಅಕ್ಕನಿಗೆ ಶತ್ರು ಕೊಬ್ಬಲ್ಲ, ಪಿಷ್ಟ. ಒಣ ಬ್ರೆಡ್ಡು ತಿಂದ್ರೆ ಹೊಟ್ಟೆ ತುಂಬಲ್ಲ, ಹಸಿವಾಗುತ್ತೆ, ಮತ್ತೆ ಎರಡು ತಿಂತಾಳೆ. ಎಲ್ಲ ಸಕ್ಕರೆ ಆಗುತ್ತೆ. ಬ್ರೆಡ್ಡು ಬಿಡಿಸಿ, ಬೆಣ್ಣೆ ಕೊಡಿ."

"ನನ್ನ ಅನ್ನಕ್ಕೇ ಕಲ್ಲು ಹಾಕ್ತೀಯಲ್ಲೋ" ಎಂದ ಬ್ರೆಡ್ಡಣ್ಣ.

"ಮಾವ, ಡಾಕ್ಟ್ರು ಓದಿರೋದು ಸುಳ್ಳಾ? ನೀನು ತಲೆ ಬೋಳಿಸೋನು, ಹೃದಯದ ವಿಷಯಕ್ಕೆ ಬರ್ಬೇಡ" ಎಂದಳು ಮಗಳು.

"ಹೌದಮ್ಮ, ನಾನು ತಲೆ ಬೋಳಿಸೋನೇ. ಬೇರೆಯೋರು ಬೋಳಿಸಿದ್ರೆ ನನಗೆ ತಕ್ಷಣ ಗೊತ್ತಾಗುತ್ತೆ!"

ಭಾನುವಾರ ಬಂತೆಂದರೆ ಇದೇ ಜಗಳ. ಅವನು ಫೋನಿನಲ್ಲಿ ಯಾವನೋ ಡಾಕ್ಟರನ ಭಾಷಣ ಹಾಕುವನು, ಇವಳು ಇನ್ನೊಬ್ಬನ ಭಾಷಣ ಹಾಕುವಳು. ಎರಡು ಫೋನೂ ಒಟ್ಟಿಗೆ ಅರಚುತ್ತಿದ್ದವು. ಯಾರ ಹೊಟ್ಟೆಗಾಗಿ ಇಷ್ಟೆಲ್ಲ ನಡೆಯುತ್ತಿತ್ತೋ ಅವಳು ಮಾತ್ರ ಬೇರೆಯವರ ಅಂಗಿಗೆ ಗುಂಡಿ ಹೊಲಿಯುತ್ತಾ ಕೂತಿರುತ್ತಿದ್ದಳು. ಏನು ತಿನ್ನಬೇಕು ಅನ್ನಿಸುತ್ತೆ ಎಂದು ಅವಳನ್ನು ಒಬ್ಬರಾದರೂ ಕೇಳಿದರೇ? ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ.

ಬ್ರೆಡ್ಡಣ್ಣ ಮಗಳ ಕಡೆ ನಿಂತ. ಒಲೆಯ ಮುಂದೆ ಆಯುಸ್ಸು ಸವೆಸಿದವನು ಬ್ರೆಡ್ಡು ವಿಷ ಅನ್ನುವವನ ಕಡೆ ಹೇಗೆ ನಿಲ್ಲುತ್ತಾನೆ? ಆದರೆ ಒಳಗೆ ಹುಳ ಬಿಟ್ಟ ಹಾಗಾಗಿತ್ತು. ಹೆದರಿದ. ಹೆದರಿದವನಿಗೆ ಸಿಟ್ಟು ಬೇಗ ಬರುತ್ತದೆ. ಹೆಂಡತಿಯ ತಟ್ಟೆಯನ್ನು ಕಾಯುವುದೇ ಅವನ ಕೆಲಸವಾಯಿತು. ಎಷ್ಟು ತಿಂದೆ, ಯಾಕೆ ತಿಂದೆ, ಮಾತ್ರೆ ತಗೊಂಡ್ಯಾ. ಹಿಟ್ಟು ನಾದುವಾಗ ಇನ್ನೂ ಒಂದೊಂದು ಮಾತು ಹೊಳೆಯುತ್ತಿತ್ತು, ಮನೆಗೆ ಬಂದು ಅವಳ ಊದಿದ ಕಾಲು ನೋಡಿದರೆ ಅದು ಬಾಯಿಗೆ ಬರುತ್ತಿರಲಿಲ್ಲ. ಅವಳೂ ಕೇಳುವುದನ್ನು ಬಿಟ್ಟಳು. ಆ ಮನೆಯಲ್ಲಿ ಬೆಣ್ಣೆ ಅನ್ನುವ ಶಬ್ದಕ್ಕೆ ಜಗಳ ಅನ್ನುವ ಒಂದೇ ಅರ್ಥ ಉಳಿಯಿತು.

ಹೀಗಿರುವಾಗ ಒಂದು ಭಾನುವಾರ ಕತ್ತರಿ ಮಾವ ಒಂದು ಬೆಣ್ಣೆ ಪೊಟ್ಟಣ ತಂದು ಸೀದಾ ಇಸ್ತ್ರಿ ಮೇಜಿನ ಮೇಲೆ ಇಟ್ಟ. "ಅಕ್ಕ, ಯಾರ ಮಾತೂ ಕೇಳ್ಬೇಡ, ತಿನ್ನು" ಅಂದ. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಬ್ರೆಡ್ಡಣ್ಣ ಆ ಪೊಟ್ಟಣವನ್ನು ಎತ್ತಿಕೊಂಡು ಹೋಗಿ ಬೀದಿಯ ಚರಂಡಿಗೆ ಎಸೆದು ಬಂದ. "ನಿನ್ನ ಕೊಬ್ಬು ನಿನ್ನ ಮನೇಲೇ ಇಟ್ಕೋ, ಇನ್ನೊಂದ್ಸಲ ಈ ಹೊಸ್ತಿಲು ತುಳಿದ್ರೆ ನೋಡು" ಎಂದು ಕೂಗಾಡಿದ. ಅವಳು ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದಳು. ಕತ್ತರಿ ಮಾವ ಚಪ್ಪಲಿ ಮೆಟ್ಟಿ ಹೋದ.

ಸೋಮವಾರ ಬೆಳಿಗ್ಗೆ ಅವನು ಎಂದಿನಂತೆ ತುದಿ ತಂದ. ಹಿಂದಿನ ದಿನದ ಸಿಟ್ಟು ಒಲೆಯ ಮುಂದೆ ಕರಗಿತ್ತು. ನಾದುವಾಗ ಒಂದು ಮಾತೂ ಹೊಳೆದಿತ್ತು, ಇವತ್ತು ಹೇಳಿಬಿಡಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡೇ ಬಂದಿದ್ದ. ಅವಳು ಹೊಸ್ತಿಲ ಮೇಲೆ ಕೂರಲಾರದೆ ಕಿಟಕಿಯ ಪಕ್ಕ ಹಾಸಿಗೆಯಲ್ಲೇ ಒರಗಿದ್ದಳು. ಬ್ರೆಡ್ಡನ್ನು ಕೈಯಲ್ಲಿ ಹಿಡಿದುಕೊಂಡು ಅವನ ಮುಖ ನೋಡಿ,

"ರೀ, ಸ್ವಲ್ಪ ಬೆಣ್ಣೆ ಹಚ್ಚಿ" ಅಂದಳು.

ಅವನ ನೆತ್ತಿಗೇರಿತು. "ನಿನ್ನ ತಮ್ಮ ಹೇಳಿಕೊಟ್ಟು ಹೋದ್ನಾ? ಎಷ್ಟು ಹೇಳಿದ್ರೂ ಅಷ್ಟೇನಾ? ಸಾಯ್ಬೇಕು ಅಂತಾನೇ ಇದ್ದೀಯಾ?"

"ಬಿಡಿ. ಇಲ್ದಿದ್ರೆ ಬೇಡ" ಅಂದಳು. ಅರ್ಧ ತಿಂದು ಉಳಿದರ್ಧವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಅವನು ಸಿಟ್ಟಿನಲ್ಲೇ ಹೋಗಿ ಮಲಗಿದ. ಮಧ್ಯಾಹ್ನ ಎದ್ದು ಬರುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು. ಅರ್ಧ ತುದಿ ಕಟ್ಟೆಯ ಮೇಲೆ ಹಾಗೆಯೇ ಒಣಗಿತ್ತು.

ಮಣ್ಣು ಮಾಡಿ ಬಂದ ದಿನವೇ ಮಗಳೂ ಕತ್ತರಿ ಮಾವನೂ ಬಾಗಿಲಲ್ಲಿ ನಿಂತು ಕಿತ್ತಾಡಿದರು. "ನಿಮ್ಮ ಬ್ರೆಡ್ಡೇ ನನ್ನ ಅಕ್ಕನ್ನ ತಿಂದ್ಬಿಡ್ತು" ಎಂದು ಅವನು ಅತ್ತ. "ಮೊದ್ಲು ತಿಂದಿದ್ದ ಬೆಣ್ಣೆಯೇ ಅಮ್ಮನ ಎದೆ ಕಟ್ಟಿದ್ದು" ಎಂದು ಅವಳು ಅತ್ತಳು. ಇಬ್ಬರೂ ಅಳುತ್ತಲೇ ಜಗಳವಾಡಿ, ಅಳುತ್ತಲೇ ಮಾತು ಬಿಟ್ಟರು. ಬ್ರೆಡ್ಡಣ್ಣನ ಪ್ರಶ್ನೆ ಅಂಟಿಕೊಂಡದ್ದು ಅಲ್ಲಿ.

ಯಾರ ಉತ್ತರವೂ ಅವನಿಗೆ ಸಮಾಧಾನ ತರಲಿಲ್ಲ. ಕೊನೆಗೆ ಡಾಕ್ಟರಮ್ಮನ ಬಳಿಗೇ ಹೋದ. ಸರದಿಯಲ್ಲಿ ಕೂತು, ಒಳಗೆ ಕರೆದ ಮೇಲೆ ನಿಂತುಕೊಂಡೇ ಕೇಳಿದ.

"ಬ್ರೆಡ್ಡೋ ಬೆಣ್ಣೆಯೋ, ಡಾಕ್ಟ್ರೇ?"

ಅವರು ಅವನನ್ನು ಕೂರಿಸಿದರು. "ಕೊಬ್ಬು ಬಿಟ್ಟು ಸುಧಾರಿಸ್ಕೊಂಡೋರೂ ಇದ್ದಾರೆ, ಪಿಷ್ಟ ಬಿಟ್ಟು ಸುಧಾರಿಸ್ಕೊಂಡೋರೂ ಇದ್ದಾರೆ. ಯಾವುದಕ್ಕೂ ಬಗ್ಗದೇ ಇರೋರೂ ಇದ್ದಾರೆ. ದೊಡ್ಡ ದೊಡ್ಡೋರೇ ಇನ್ನೂ ಕಿತ್ತಾಡ್ತಿದ್ದಾರೆ. ನಿಮ್ಮ ಮನೆಯವ್ರ ವಿಷಯದಲ್ಲಿ ಯಾವುದು ಅಂತ ನನಗೆ ಗೊತ್ತಿಲ್ಲ."

"ಗೊತ್ತಿಲ್ದೇ ಇದ್ರೆ ಆವತ್ತು ಅಷ್ಟು ಗಟ್ಟಿಯಾಗಿ ಯಾಕೆ ಹೇಳಿದ್ರಿ?"

"ಆವತ್ತು ಗೊತ್ತಿದ್ದದ್ದು ಅದು. ಸುಳ್ಳು ಹೇಳಿಲ್ಲ ನಾನು."

ಅವನು ಹೂಂ ಅಂದ. ಎದ್ದವನು ಮತ್ತೆ ಕೂತ. "ಕೊನೇ ದಿನ ಕೇಳಿದ್ಲು. ಬೆಣ್ಣೆ ಹಚ್ಚಿ ಅಂತ. ನಾನು ಬೈದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಆವತ್ತು ಒಂದು ಚಮಚ ಬೆಣ್ಣೆಯಿಂದ ಏನೂ ಬದಲಾಗ್ತಿರ್ಲಿಲ್ಲ. ಕೊಡಬಹುದಿತ್ತು" ಅಂದರು. ಸಮಾಧಾನಕ್ಕೆಂದು ಹೇಳಿದ ಮಾತು. ಅವನ ಎದೆಯ ಮೇಲೆ ಕಲ್ಲು ಇಟ್ಟ ಹಾಗಾಯಿತು.

ಅವನು ಆಮೇಲೆ ಯಾರನ್ನೂ ಏನೂ ಕೇಳಲಿಲ್ಲ. ಮತ್ತೆ ಹೂಂ ಉಹೂಂಗೆ ಇಳಿದ. ಬೇಕರಿಯಿಂದ ತುದಿ ತರುವುದನ್ನು ಮಾತ್ರ ಕೈ ಬಿಡಲಿಲ್ಲ, ತಂದು ಮೇಜಿನ ಮೇಲಿಡುತ್ತಿದ್ದ, ಹಕ್ಕಿಗಳಿಗೆ ಹಾಕುತ್ತಿದ್ದ. ಅವನ ಅಂಗಿಗಳು ಮುದುಡಿಕೊಂಡಿರುತ್ತಿದ್ದವು. ಅವಳು ಕೊನೆಯ ಸಲ ಇಸ್ತ್ರಿ ಮಾಡಿಟ್ಟಿದ್ದ ನೀಲಿ ಅಂಗಿ ಗೂಟದಲ್ಲಿ ಹಾಗೆಯೇ ಇತ್ತು. ಅದನ್ನು ಹಾಕಿಕೊಂಡರೆ ಮಡಿಕೆ ಹೋಗುತ್ತದೆ ಎಂದು ಮುಟ್ಟುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮಗಳು ಗಂಡನ ಮನೆಯಿಂದ ಇಸ್ತ್ರಿ ಮೇಜು ಖಾಲಿ ಮಾಡಲು ಬಂದಳು. ಕಂಬಳಿ ಮಡಿಸಿದಳು, ಯಾರೂ ಕೇಳಿಕೊಂಡು ಬರದ ಎರಡು ಅಂಗಿಗಳನ್ನು ಬದಿಗಿಟ್ಟಳು. ಬೆಣ್ಣೆ ಡಬ್ಬಿ ತೆರೆದರೆ ತುಂಬಾ ಗುಂಡಿಗಳು. ಅಷ್ಟು ಹೊತ್ತೂ ಗಟ್ಟಿಯಾಗಿದ್ದವಳು ಆ ಡಬ್ಬಿ ಹಿಡಿದುಕೊಂಡು ಹೊಸ್ತಿಲ ಮೇಲೆ ಕುಸಿದಳು.

"ಇದನ್ನ ನಾನೇ ತೊಳೆದಿಟ್ಟೆ ಅಪ್ಪ. ಅಮ್ಮ ಒಂದ್ಸಲಾನೂ ಬಾಯಿ ಬಿಟ್ಟು ಬೇಕು ಅಂತ ಕೇಳ್ಲಿಲ್ಲ."

"ಕೇಳಿದ್ಲಮ್ಮ" ಎಂದ ಬ್ರೆಡ್ಡಣ್ಣ. ಅವಳಿಗೆ ಅವನು ಇದನ್ನು ಹೇಳಿರಲಿಲ್ಲ. "ಕೊನೇ ದಿನ. ಬ್ರೆಡ್ಡು ಕೈಯಲ್ಲಿ ಹಿಡ್ಕೊಂಡು, ನನ್ನ ಮುಖ ನೋಡ್ಕೊಂಡು. ರೀ, ಸ್ವಲ್ಪ ಬೆಣ್ಣೆ ಹಚ್ಚಿ ಅಂದ್ಲು. ಸಾಯ್ಬೇಕು ಅಂತ ಇದ್ದೀಯಾ ಅಂದೆ ನಾನು."

ಮಗಳು ಕಣ್ಣೊರೆಸಿಕೊಳ್ಳುತ್ತಿದ್ದವಳು ಕೈ ತಡೆದಳು. ತನ್ನ ಮದುವೆಗೆ ಮೊದಲು ಎಷ್ಟೋ ಬೆಳಗು ಪಕ್ಕದ ಕೋಣೆಯಲ್ಲಿ ಹೊದಿಕೆಯೊಳಗೆ ಮಲಗಿ ಅಪ್ಪನ ತಡವರಿಕೆ, ಅಮ್ಮನ ನಗು ಎರಡನ್ನೂ ಕೇಳಿಸಿಕೊಂಡಿದ್ದವಳು ಅವಳು.

"ಅಪ್ಪ," ಎಂದು ಮೆಲ್ಲಗೆ ಕೇಳಿದಳು, "ಯಾವ ಬೆಣ್ಣೆ?"

ಬ್ರೆಡ್ಡಣ್ಣನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅವಳು ಅವತ್ತು ಬ್ರೆಡ್ಡು ನೋಡಿರಲಿಲ್ಲ, ಅವನ ಮುಖ ನೋಡಿದ್ದಳು. ಮನೆಯಲ್ಲಿ ಬೆಣ್ಣೆಯೇ ಇಲ್ಲವೆಂದು, ಇದ್ದದ್ದು ಚರಂಡಿ ಸೇರಿತೆಂದು ಅವಳಿಗೆ ಗೊತ್ತಿತ್ತು. ಹಿಂದಿನ ದಿನದ ಜಗಳವನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು, ಎಷ್ಟೋ ತಿಂಗಳಾದ ಮೇಲೆ ಅವಳು ಮತ್ತೆ ಆ ಹಳೇ ಮಾತು ಕೇಳಿದ್ದಿರಬಹುದು. ಅಥವಾ ನಿಜವಾಗಿಯೂ ಬೆಣ್ಣೆಯೇ ಬೇಕೆನ್ನಿಸಿತ್ತೇನೋ, ಯಾರಿಗೆ ಗೊತ್ತು. ಇನ್ನು ಕೇಳುವುದು ಯಾರನ್ನು? ಎರಡರಲ್ಲಿ ಯಾವುದನ್ನು ಕೇಳಿದ್ದರೂ ಅವನು ಕೊಟ್ಟಿರಲಿಲ್ಲ. ಒಂದಂತೂ ಮನೆಯಲ್ಲಿ ಇರಲಿಲ್ಲ, ಸರಿ. ಇನ್ನೊಂದು ಅವನ ನಾಲಗೆಯ ತುದಿಯಲ್ಲೇ ಇತ್ತು.

ಅವನು ಗೋಡೆಗೆ ಆತು ಕೂತುಬಿಟ್ಟ. ದನಿ ತೆಗೆದು ಅತ್ತ. ಹೆಂಡತಿ ಹೋದ ದಿನವೂ ಹಾಗೆ ಅತ್ತಿರಲಿಲ್ಲ. ಮಗಳು ಬಂದು ಪಕ್ಕದಲ್ಲಿ ಕೂತಳು.

"ಆವತ್ತು ಇತ್ತಮ್ಮ" ಎಂದ, ಬಿಕ್ಕುತ್ತಾ. "ದಾರಿಯುದ್ದಕ್ಕೂ ಬಾಯಿಪಾಠ ಮಾಡ್ಕೊಂಡು ಬಂದಿದ್ದೆ."

"ಏನಂತ ಅಪ್ಪ?"

ಅವನು ಎದ್ದ. ಗೂಟದಿಂದ ನೀಲಿ ಅಂಗಿ ತೆಗೆದ. ಮಡಿಕೆ ಕೆಡದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಖಾಲಿ ಮೇಜಿನ ಮುಂದೆ ನಿಂತು, ಮೊದಲ ದಿನದ ಹಾಗೆಯೇ ತಡವರಿಸುತ್ತಾ ಹೇಳಿದ.

"ನೀನು ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡ್ರೆ... ನನ್ನಂಥೋನೂ ಯಾರೋ ದೊಡ್ಡ ಮನುಷ್ಯನ ಹಾಗೆ ಕಾಣ್ತೀನಿ ಕಣೇ."

ಮೇಜಿನ ಮೇಲೆ ಅವತ್ತಿನ ತುದಿ ಇತ್ತು, ಇನ್ನೂ ಬಿಸಿ ಆರಿರಲಿಲ್ಲ.